ಬಿಸಿಲ್ಗುದುರೆಗೆ ಕ್ಯಾಮೆರಾ ಹಿಡಿದಾಗ

(ಏಪ್ರಿಲ್ ತಿಂಗಳ ಒಂದು ಸಂಜೆ ಕಲಬುರಗಿಯಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಎರಡು ಸಲ ಹೇಳಿದ್ದನ್ನು ಒಂದು ಸಲ ಮಾಡಿದ್ದೇನೆ. ಮಿಕ್ಕಿದ್ದು ಹೆಚ್ಚುಕಡಿಮೆ ಅವತ್ತು ಆಡಿದ್ದೇ.)

ಎಲ್ಲರಿಗೂ ಶರಣು.

ಸಂಘಟಕರು ನನಗೆ ಕೊಟ್ಟ ವಿಷಯ 'ವಾಸ್ತವದ ಸ್ವರೂಪ ಮತ್ತು ಮನುಷ್ಯನ ಮೂಲ ಪ್ರೇರಣೆ'. ಕೊಟ್ಟ ಹೊತ್ತು ನಲವತ್ತೈದು ನಿಮಿಷ. ಸ್ವಾಗತ, ಶಾಲು, ಹಾರ ಅಂತ ಹದಿನೈದು ನಿಮಿಷ ಆಗಲೇ ಹೋಯಿತು. ಉಳಿದ ಅರ್ಧ ಗಂಟೆಯಲ್ಲಿ ಇಷ್ಟು ದೊಡ್ಡದನ್ನು ಮುಗಿಸುತ್ತೇನೆ ಎಂದು ಅವರಿಗೆ ಯಾಕೆ ಅನ್ನಿಸಿತೋ! ನಾನು ಪಿಯು ಮಕ್ಕಳಿಗೆ ಮೂವತ್ತು ವರ್ಷ ಫಿಜಿಕ್ಸ್ ಹೇಳಿಕೊಟ್ಟವನು. ತತ್ವಶಾಸ್ತ್ರ ನನ್ನ ಹೊಲವಲ್ಲ. ಹಾಗಾಗಿ ದೊಡ್ಡ ಮಾತುಗಳನ್ನು ಬಿಟ್ಟು, ಹೋದ ವಾರ ಸೇಡಂ ರಸ್ತೆಯಲ್ಲಿ ನಡೆದದ್ದರಿಂದ ಶುರು ಮಾಡುತ್ತೇನೆ.

ಮಧ್ಯಾಹ್ನ ಎರಡರ ಹೊತ್ತು. ಕಾರಿನಲ್ಲಿ ನಾನು ಮತ್ತು ನನ್ನ ತಂಗಿಯ ಮಗ. ಮಳಖೇಡ ಇನ್ನೂ ಮುಂದಿತ್ತು. ಡಾಂಬರಿನ ಮೇಲೆ, ದೂರದಲ್ಲಿ, ನೀರು ನಿಂತ ಹಾಗೆ ಹೊಳೆಯುತ್ತಿತ್ತು. ಎದುರಿಗೆ ಬರುತ್ತಿದ್ದ ಲಾರಿಯ ಅರ್ಧ ಬಿಂಬ ಕೂಡ ಅದರಲ್ಲಿ ಕಾಣುತ್ತಿತ್ತು. ನಿಮಗೆಲ್ಲ ಗೊತ್ತಿರುವ ಬಿಸಿಲ್ಗುದುರೆ. ಹುಡುಗ ಮೊಬೈಲ್ ತೆಗೆದು ಫೋಟೋ ಹೊಡೆದ. ನಾನು ಮೇಷ್ಟರಲ್ಲವೇ, ಸುಮ್ಮನಿರಲಾಗಲಿಲ್ಲ. "ಅದು ನೀರಲ್ಲಪ್ಪಾ, ಬರೀ ಭ್ರಮೆ" ಎಂದೆ. ಅವನು ಫೋಟೋ ನನ್ನ ಮುಂದೆ ಹಿಡಿದ.

"ಮಾಮಾ, ಭ್ರಮೆ ಅಂತೀರಿ. ಹಂಗಾದ್ರ ಫೋಟೋದಾಗ ಹ್ಯಾಂಗ ಬಂತು? ಮೊಬೈಲಿಗೂ ಭ್ರಮೆ ಆಗ್ತದೇನು?"

ಮೂವತ್ತು ವರ್ಷ ಬಿಸಿಲ್ಗುದುರೆಯ ಚಿತ್ರವನ್ನು ಬೋರ್ಡಿನ ಮೇಲೆ ಬಿಡಿಸಿದ್ದೇನೆ. ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಬಿಸಿಲ್ಗುದುರೆ ಆಗುವುದು ಹೀಗೆ. ಬಿಸಿಲಿಗೆ ರಸ್ತೆ ಕಾಯುತ್ತದೆ. ರಸ್ತೆಗೆ ತಾಗಿದ ಗಾಳಿಯೂ ಕಾಯ್ದು ತೆಳುವಾಗುತ್ತದೆ. ಅದರ ಮೇಲಿನ ಗಾಳಿ ಅಷ್ಟು ಬಿಸಿ ಇರುವುದಿಲ್ಲ. ಆಕಾಶದಿಂದ ಓರೆಯಾಗಿ ಇಳಿಯುವ ಬೆಳಕು ಈ ತೆಳು ಗಾಳಿಯ ಹತ್ತಿರ ಬಂದಾಗ ಬಾಗಿ, ನೆಲ ಮುಟ್ಟುವ ಮೊದಲೇ ಮೇಲಕ್ಕೆ ತಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ಬೆಳಕು ಯಾವಾಗಲೂ ನೆಟ್ಟಗೇ ಬರುತ್ತದೆ ಎಂದು ನಂಬಿಕೊಂಡ ಕಣ್ಣು ನಮ್ಮದು. ಹಾಗಾಗಿ ಮೇಲಿನ ಆಕಾಶ ರಸ್ತೆಯ ಮೇಲೆ ಬಿದ್ದಂತೆ ಕಾಣುತ್ತದೆ. ನೆಲದ ಮೇಲೆ ಆಕಾಶ ಹೊಳೆಯುವುದು ಎಲ್ಲಿ? ನೀರಿನಲ್ಲಿ. ಆದ್ದರಿಂದ ತಲೆ 'ನೀರು' ಎಂದು ತೀರ್ಪು ಕೊಡುತ್ತದೆ.

ಅಂದರೆ ಬೆಳಕು ಸುಳ್ಳಲ್ಲ, ಬಾಗಿದ್ದೂ ಸುಳ್ಳಲ್ಲ. ಕ್ಯಾಮೆರಾ ಹಿಡಿದದ್ದು ಅಷ್ಟನ್ನೇ. 'ನೀರು' ಎಂಬುದು ಮಾತ್ರ ನಾವು ಸೇರಿಸಿದ್ದು.

ಈಗ ಹಗ್ಗ ಮತ್ತು ಹಾವನ್ನು ನೆನಪಿಸಿಕೊಳ್ಳಿ. ಮಾಯೆಯ ಮಾತು ಬಂದರೆ ಅದ್ವೈತದವರು ಈ ಎರಡು ಉದಾಹರಣೆ ಕೊಡುತ್ತಾರೆ. ಕತ್ತಲಲ್ಲಿ ಹಗ್ಗ ಹಾವಾಗಿ ಕಂಡದ್ದು, ಬಿಸಿಲಲ್ಲಿ ಮರಳು ನೀರಾಗಿ ಕಂಡದ್ದು. ಎರಡೂ ಒಂದೇ ಜಾತಿ ಎಂದು ನಾನು ಬಹಳ ವರ್ಷ ಅಂದುಕೊಂಡಿದ್ದೆ. ಅಲ್ಲ. ಹಗ್ಗದ ಹಾವಿನ ಫೋಟೋ ತೆಗೆದರೆ ಹಗ್ಗವೇ ಬರುತ್ತದೆ. ದೀಪ ತಂದು 'ಓ, ಹಗ್ಗ' ಎಂದು ತಿಳಿದ ಕ್ಷಣ ಹಾವು ಮಾಯ. ಆಮೇಲೆ ಎಷ್ಟು ಕಣ್ಣು ಕಿರಿದು ಮಾಡಿದರೂ ಆ ಹಾವು ಹಳೆಯ ಜೋರಿನಲ್ಲಿ ಬರುವುದಿಲ್ಲ. ಬಿಸಿಲ್ಗುದುರೆ ಹಾಗಲ್ಲ. ನನಗೆ ಪೂರ್ತಿ ಗೊತ್ತು, ಬೋರ್ಡಿನ ಮೇಲೆ ಲೆಕ್ಕ ಕೂಡ ಮಾಡಿ ತೋರಿಸಬಲ್ಲೆ. ಆದರೂ ನಾಳೆ ಸೇಡಂ ರಸ್ತೆಗೆ ಹೋದರೆ ಅದು ಹೊಳೆಯುತ್ತದೆ. ತಿಳಿದರೂ ಹೋಗದ ಭ್ರಮೆ ಅದು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಫಿಜಿಕ್ಸ್ ಮೇಷ್ಟ್ರು ಅಂದ ಮೇಲೆ ಪರಮಾಣುವಿನ ಮಾತು ಬರಲೇಬೇಕು. ಬೇಗ ಮುಗಿಸುತ್ತೇನೆ. 1911ರಲ್ಲಿ ರುದರ್‌ಫೋರ್ಡ್ ಪರಮಾಣುವಿನ ನಡುವೆ ಒಂದು ಪುಟ್ಟ ಬೀಜ ಇದೆ ಎಂದು ತೋರಿಸಿದರು. ಆ ಬೀಜವನ್ನು ಒಂದು ಜೋಳದ ಕಾಳು ಎಂದುಕೊಂಡು ಈ ಹಾಲಿನ ನಡುವೆ ಇಡಿ. ಪರಮಾಣುವಿನ ಅಂಚು ಸುಮಾರು ನೂರಿನ್ನೂರು ಮೀಟರ್ ಆಚೆ, ಮುಂದಿನ ಓಣಿಯಲ್ಲಿ ಇರುತ್ತದೆ. ಇದನ್ನು ಕೇಳಿ ಕೆಲವರು 'ಹಾಗಾದರೆ ಟೇಬಲ್ ಬಹುಪಾಲು ಖಾಲಿ, ಗಟ್ಟಿ ಎಂಬುದೇ ಸುಳ್ಳು' ಎನ್ನುತ್ತಾರೆ. ಅದು ಅರ್ಧ ಓದಿದವರ ಮಾತು. ನನ್ನ ಕೈಯ ಎಲೆಕ್ಟ್ರಾನ್‌ಗಳನ್ನು ಟೇಬಲ್ಲಿನ ಎಲೆಕ್ಟ್ರಾನ್‌ಗಳು ಒಳಗೆ ಬಿಡುವುದಿಲ್ಲ. ಗಟ್ಟಿತನ ಅಂದರೆ ಅದೇ. ಟೇಬಲ್ ಹೇಗೆ ಗಟ್ಟಿಯಾಯಿತು ಎಂದು ವಿವರಿಸಿದ ಮಾತ್ರಕ್ಕೆ ಅದು ಮೆತ್ತಗಾಗುವುದಿಲ್ಲ. ನಂಬಿಕೆ ಇಲ್ಲದವರು ಹಣೆ ಹೊಡೆದುಕೊಂಡು ನೋಡಬಹುದು.

ನನಗೆ ಟೇಬಲ್ಲಿಗಿಂತ ಕಣ್ಣಿನ ಕತೆ ಜಾಸ್ತಿ ಇಷ್ಟ. ಎಲ್ಲರೂ ಒಂದು ಕೆಲಸ ಮಾಡಿ. ಎಡಗಣ್ಣು ಮುಚ್ಚಿ. ಎರಡೂ ಕೈ ಮುಂದಕ್ಕೆ ಚಾಚಿ, ಹೆಬ್ಬೆಟ್ಟುಗಳನ್ನು ಮೇಲೆ ಮಾಡಿ ಪಕ್ಕಪಕ್ಕ ಇಡಿ. ಬಲಗಣ್ಣಿನಿಂದ ಎಡ ಹೆಬ್ಬೆಟ್ಟನ್ನೇ ನೋಡುತ್ತಿರಿ, ಆಚೀಚೆ ಕಣ್ಣು ಹೊರಳಿಸಬೇಡಿ. ಈಗ ಬಲ ಹೆಬ್ಬೆಟ್ಟನ್ನು ಮೆಲ್ಲಗೆ ಬಲಕ್ಕೆ ಸರಿಸಿ. ಹತ್ತಿರ ಹತ್ತಿರ ಒಂದು ಗೇಣು ಹೋಗಲಿ.

(ಇಲ್ಲಿ ಎರಡು ನಿಮಿಷ ಗದ್ದಲ. ಮುಂದಿನ ಸಾಲಿನ ಹುಡುಗ "ಸರ್, ನಂದು ಹೋಯ್ತು! ತುದಿ ಹೋಯ್ತು!" ಎಂದು ಕೂಗಿದ. ಹಿಂದಿದ್ದ ಹಿರಿಯರೊಬ್ಬರು "ನಂದು ಅಲ್ಲೇ ಅದ" ಎಂದರು. ಅವರು ಬಲ ಹೆಬ್ಬೆಟ್ಟನ್ನೇ ನೋಡುತ್ತಿದ್ದರು.)

ಕಣ್ಣಿನ ಹಿಂಬದಿಯಲ್ಲಿ ನರಗಳೆಲ್ಲ ಒಟ್ಟುಗೂಡಿ ಹೊರಗೆ ಹೋಗುವ ಜಾಗ ಇದೆ. ಅಲ್ಲಿ ಬೆಳಕು ಹಿಡಿಯುವ ಜೀವಕೋಶಗಳಿಲ್ಲ. 1660ರ ದಶಕದಲ್ಲಿ ಫ್ರಾನ್ಸಿನ ಮಾರಿಯೊತ್ ಇದನ್ನು ಕಂಡುಹಿಡಿದರು. ಅದಕ್ಕಿಂತ ಮುಂಚೆಯೂ ಈ ತೂತು ಎಲ್ಲರ ಕಣ್ಣಲ್ಲೂ ಇತ್ತು, ಯಾರಿಗೂ ಗೊತ್ತಿರಲಿಲ್ಲ. ಗಮನಿಸಬೇಕಾದ್ದು ಬೆಟ್ಟು ಹೋದದ್ದನ್ನಲ್ಲ. ಬೆಟ್ಟು ಹೋದ ಕಡೆ ನಿಮಗೆ ಏನು ಕಂಡಿತು? ಕಪ್ಪು ಕಲೆ ಕಂಡಿತಾ? ಇಲ್ಲ. ಗೋಡೆ ಕಂಡಿತು. ಅಲ್ಲಿಂದ ನಿಮ್ಮ ಮಿದುಳಿಗೆ ಯಾವ ಸುದ್ದಿಯೂ ಬಂದಿರಲಿಲ್ಲ. ಸುತ್ತ ಗೋಡೆ ಇದೆ, ಇಲ್ಲೂ ಗೋಡೆಯೇ ಇರಬೇಕು ಎಂದು ಅದು ತಾನೇ ಸುಣ್ಣ ಬಳಿದುಬಿಟ್ಟಿತು. ನಿಮ್ಮನ್ನು ಕೇಳಲೂ ಇಲ್ಲ.

(ಈ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಹೊರಗೆ ಇನ್ನೂ ಬೆಳಕಿತ್ತು, ಹಾಗಾಗಿ ಮಾತು ಮುಂದುವರಿಸಿದೆ.)

ನೋಡಿ, ಒಳ್ಳೆಯದೇ ಆಯಿತು. ಇಷ್ಟು ಹೊತ್ತು ಮೂರು ಫ್ಯಾನ್ ಗರಗರ ಸದ್ದು ಮಾಡುತ್ತಿದ್ದವು. ಯಾರಿಗಾದರೂ ಕೇಳಿಸಿತ್ತಾ? ನಿಂತ ಮೇಲೆ ಕೇಳಿಸಿತು, ಅಲ್ವಾ? ಮಿದುಳು ಒಳಗೆ ಕುಳಿತು ಮುಂದಿನ ಕ್ಷಣ ಏನು ಬರುತ್ತದೆ ಎಂದು ಊಹಿಸುತ್ತಾ ಇರುತ್ತದೆ. ಊಹಿಸಿದ್ದೇ ಬಂದರೆ ನಮ್ಮ ತನಕ ತರುವುದಿಲ್ಲ. ಊಹೆ ತಪ್ಪಿದಾಗ ಮಾತ್ರ ಎಬ್ಬಿಸುತ್ತದೆ. ಮಿದುಳನ್ನು ಅಧ್ಯಯನ ಮಾಡುವ ಬಹಳ ಜನ ಇವತ್ತು ನೋಡುವುದನ್ನೂ ಕೇಳುವುದನ್ನೂ ಹೀಗೇ ವಿವರಿಸುತ್ತಾರೆ. ಹೊರಗಿನದು ಒಳಗೆ ಬರುವುದಕ್ಕಿಂತ, ಒಳಗಿನ ಊಹೆ ಹೊರಗೆ ಹೋಗಿ ತಾಳೆ ನೋಡಿಕೊಂಡು ಬರುವುದು ಹೆಚ್ಚು.

ಊಹೆ ಒಬ್ಬೊಬ್ಬರದು ಒಂದೊಂದು. ಜೇನುಹುಳಕ್ಕೆ ಕಾಣುವ ಅತಿನೇರಳೆ ಬೆಳಕು ನಮಗೆ ಕಾಣದು. ಬಾವಲಿಗೆ ಕೇಳುವ ಸದ್ದು ನಮಗೆ ಕೇಳದು. ನಮ್ಮ ಬೀದರಿನ ಬಿದ್ರಿ ಕೆಲಸ ನೋಡಿದವರಿಗೆ ಇದು ಬೇಗ ಹತ್ತುತ್ತದೆ. ಸತು, ತಾಮ್ರ ಕೂಡಿಸಿ ಎರಕ ಹೊಯ್ದ ಹೂಜಿಯ ಮೇಲೆ ಚಿತ್ತಾರ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಉಜ್ಜಿ ನಯ ಮಾಡುತ್ತಾರೆ. ಕೊನೆಗೆ ಕೋಟೆಯೊಳಗಿನ ಹಳೆಯ ಮಣ್ಣಿಗೆ ನವಸಾಗರ ಕಲಸಿ ಬಿಸಿ ಮಾಡಿ ಬಳಿಯುತ್ತಾರೆ. ಸತು ಕಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಳಿದದ್ದು ಒಂದೇ ಮಣ್ಣು. ಕಪ್ಪು ಬರುವುದು ಮಣ್ಣಿನಿಂದಲೋ ಲೋಹದಿಂದಲೋ ಎಂದು ಕೇಳಿದರೆ, ಎರಡೂ ಕೂಡಿದರೇ ಅದು. ಬಣ್ಣ, ರುಚಿ, ವಾಸನೆ ಎಲ್ಲ ಆ ಕಪ್ಪಿನ ಹಾಗೆ. ಹೊರಗೂ ಇಲ್ಲ, ಒಳಗೂ ಇಲ್ಲ, ಕೂಡಿದ ಕಡೆ ಇದೆ.

ಇಲ್ಲಿಯ ತನಕ ಎರಡು ಜಾತಿ ಆಯಿತು. ತಿಳಿದರೆ ಹೋಗುವುದು, ತಿಳಿದರೂ ಹೋಗದ್ದು. ಮೂರನೆಯದು ಇನ್ನೂ ತಮಾಷೆ.

2016ರ ನವೆಂಬರ್ 8, ರಾತ್ರಿ ಎಂಟು ಗಂಟೆ. ಐನೂರು, ಸಾವಿರದ ನೋಟು ರದ್ದಾದ ರಾತ್ರಿ, ಎಲ್ಲರಿಗೂ ನೆನಪಿದೆ. ನಮ್ಮ ಅತ್ತೆ ತೊಗರಿ ಬೇಳೆಯ ಡಬ್ಬಿಯಲ್ಲಿ, ಬೇಳೆಯ ಅಡಿಯಲ್ಲಿ, ಐನೂರರ ಹನ್ನೊಂದು ನೋಟು ಇಟ್ಟಿದ್ದಳು. ಮಾವನಿಗೆ ಗೊತ್ತಿರಲಿಲ್ಲ. ಎಂಟೂವರೆಗೆ ಮಾವನಿಗೆ ಗೊತ್ತಾಯಿತು. ಮರುದಿನ ಬೆಳಿಗ್ಗೆ ಆ ನೋಟು ಕಿರಾಣಿ ಅಂಗಡಿಯಲ್ಲಿ ನಡೆಯಲಿಲ್ಲ. ಬ್ಯಾಂಕಿನ ಸಾಲಿನಲ್ಲಿ ನಿಂತು ಕಟ್ಟಬೇಕಾಯಿತು. ಕಾಗದ ಅದೇ, ಶಾಯಿ ಅದೇ, ಗಾಂಧೀಜಿಯ ನಗು ಅದೇ. ಪರಮಾಣುವಿನ ಲೆಕ್ಕದಲ್ಲಿ ಒಂದು ಚೂರೂ ಬದಲಾಗಿರಲಿಲ್ಲ. ಬದಲಾದದ್ದು ಒಬ್ಬರನ್ನೊಬ್ಬರು ನಂಬಿದ ಒಪ್ಪಂದ. ಇದನ್ನು ಭ್ರಮೆ ಅನ್ನುವುದಾ? ಭ್ರಮೆಯಾದರೆ ಆ ಹಣದಲ್ಲಿ ಅಷ್ಟು ವರ್ಷ ನಿಜವಾದ ಬೇಳೆ ಹೇಗೆ ಬಂತು? ಆರುನೂರೈವತ್ತು ವರ್ಷಕ್ಕೂ ಹಿಂದೆ ದಿಲ್ಲಿಯ ಮುಹಮ್ಮದ್ ಬಿನ್ ತುಘಲಕ್ ಬೆಳ್ಳಿಯ ಬದಲು ಹಿತ್ತಾಳೆ, ತಾಮ್ರದ ನಾಣ್ಯ ಚಲಾವಣೆಗೆ ತಂದ. ಜನ ಮನೆಯಲ್ಲೇ ಟಂಕಿಸಿಕೊಂಡರು, ಒಪ್ಪಂದ ಮುರಿಯಿತು. ಅದೇ ತುಘಲಕ್‌ನ ವಿರುದ್ಧ ತಿರುಗಿ ಬಿದ್ದವರು 1347ರಲ್ಲಿ ಕಟ್ಟಿದ ಬಹಮನಿ ರಾಜ್ಯಕ್ಕೆ ನಮ್ಮ ಕಲಬುರಗಿ ರಾಜಧಾನಿ ಆಯಿತು. ಸುಮ್ನೆ ನೆನಪಾಯಿತು, ಹೇಳಿದೆ.

ಈ ಮೂರನೆಯ ಜಾತಿಯನ್ನು ನಾನೊಬ್ಬ ತಿಳಿದುಕೊಂಡರೆ ಹೋಗುವುದಿಲ್ಲ. 'ನೋಟು ಬರೀ ಕಾಗದ' ಎಂದು ಜ್ಞಾನೋದಯ ಆದವನೂ ಸಂಜೆ ಚಹಾಕ್ಕೆ ಅದನ್ನೇ ಕೊಡಬೇಕು. ಎಲ್ಲರೂ ಒಟ್ಟಿಗೆ ಬಿಟ್ಟರೆ ಮಾತ್ರ ಹೋಗುತ್ತದೆ. ಹಣ, ಗಡಿ, ಹುದ್ದೆ, ಜಾತಿ, ಎಲ್ಲ ಇದೇ ಸಾಲಿನವು. ಇವು ಬರೀ ಕಲ್ಪನೆ ಎನ್ನುವವರು ಇವುಗಳಿಂದ ಪೆಟ್ಟು ತಿಂದವರಲ್ಲ.

ಮೂರೂ ಒಂದರೊಳಗೊಂದು ಹೆಣೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಬೀದರಿನದೇ ಕತೆ ಇದೆ. ಮಹಮೂದ್ ಗವಾನ್ ಪರ್ಷಿಯಾದ ಗಿಲಾನಿನಿಂದ ಬಂದವನು. ಬಹಮನಿಗಳ ಪ್ರಧಾನಿಯಾದ. ಬೀದರಿನಲ್ಲಿ ಇವತ್ತಿಗೂ ಅರ್ಧ ನಿಂತಿರುವ ಮದರಸಾ ಕಟ್ಟಿಸಿದ. 1472ರಲ್ಲಿ ಅದು ಮುಗಿಯಿತು. ಅವನನ್ನು ಸಹಿಸದ ಸರದಾರರು ಅವನ ಮೊಹರು ಇಟ್ಟುಕೊಂಡವನನ್ನು ಒಲಿಸಿ, ಖಾಲಿ ಕಾಗದಕ್ಕೆ ಮೊಹರು ಒತ್ತಿಸಿಕೊಂಡರು ಎಂದು ಇತಿಹಾಸಕಾರರು ಬರೆದಿದ್ದಾರೆ. ಆಮೇಲೆ ಅದರ ಮೇಲೆ ಒಡಿಶಾದ ರಾಜನಿಗೆ ಪತ್ರ ಬರೆದರು, ಬಂದು ದಾಳಿ ಮಾಡು ಎಂದು. ಸುಲ್ತಾನ ಮೂರನೆಯ ಮುಹಮ್ಮದ್ ಶಾಹ್ ಪತ್ರ ನೋಡಿದ. ಗವಾನ್ 'ಮೊಹರು ನನ್ನದು, ಬರಹ ನನ್ನದಲ್ಲ' ಎಂದ. 1481ರಲ್ಲಿ, ಎಪ್ಪತ್ತರ ಆಸುಪಾಸಿನ ಆ ಮುದುಕನ ತಲೆ ತೆಗೆಸಿದರು. ಮರು ವರ್ಷ ಸುಲ್ತಾನನೂ ಸತ್ತ. ರಾಜ್ಯ ಆಮೇಲೆ ಹೋಳಾಯಿತು.

ಕಾಗದ ನಿಜ, ಮೊಹರು ನಿಜ, ಕತ್ತಿ ನಿಜ. ನಡುವೆ ಇದ್ದದ್ದು ಒಂದು ಹಗ್ಗದ ಹಾವು. ನನ್ನ ನಿಮ್ಮ ತಲೆಯಲ್ಲಿ ಅಂಥ ಹಾವು ಹೊಕ್ಕರೆ ಯಾರಾದರೂ ದೀಪ ತರುತ್ತಾರೆ. ಸುಲ್ತಾನನ ತಲೆಯೊಳಗೆ ಹೊಕ್ಕರೆ ದೀಪ ಹಿಡಿದು ಹೋಗುವವರು ಯಾರು?

ಸರಿ, ವಿಷಯದ ಎರಡನೆಯ ಅರ್ಧಕ್ಕೆ ಬರುತ್ತೇನೆ. ಮನುಷ್ಯನನ್ನು ನಡೆಸುವುದು ಯಾವುದು?

ಸುಖ ಎಂದು ಬಹಳ ಜನ ಹೇಳುತ್ತಾರೆ. 1954ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಎಂಬ ಇಬ್ಬರು ಇಲಿಯ ಮಿದುಳಿಗೆ ಸಣ್ಣ ತಂತಿ ಇಳಿಸಿ, ಅದು ಒಂದು ಸನ್ನೆಕೋಲು ಒತ್ತಿದರೆ ಚೂರು ವಿದ್ಯುತ್ ಹರಿಯುವ ಹಾಗೆ ಮಾಡಿದರು. ಇಂಥ ಪ್ರಯೋಗಗಳಲ್ಲಿ ಇಲಿಗಳು ಗಂಟೆಗೆ ಸಾವಿರಕ್ಕೂ ಹೆಚ್ಚು ಸಲ ಒತ್ತಿದ್ದುಂಟು. ಸುಖದ ಜಾಗ ಸಿಕ್ಕಿತು ಎಂದು ಜಗತ್ತೆಲ್ಲ ಸುದ್ದಿಯಾಯಿತು. ಆದರೆ ಆಮೇಲೆ ಅನುಮಾನ ಶುರುವಾಯಿತು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಇಲಿಗಳ ಮಿದುಳಿನಿಂದ ಡೋಪಮೈನ್ ಎಂಬ ರಾಸಾಯನಿಕವನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದುಹಾಕಿ ನೋಡಿದರು. ಆ ಇಲಿಗಳು ಮುಂದೆ ಆಹಾರ ಇದ್ದರೂ ತಿನ್ನಲು ಏಳಲಿಲ್ಲ. ಹಾಗೆಯೇ ಬಿಟ್ಟರೆ ಉಪವಾಸ ಸಾಯುವ ಸ್ಥಿತಿ. ಆದರೆ ನಾಲಿಗೆಯ ಮೇಲೆ ಸಕ್ಕರೆ ನೀರು ಬಿಟ್ಟರೆ ಮೊದಲಿನ ಹಾಗೇ ಬಾಯಿ ಚಪ್ಪರಿಸಿದವು! ರುಚಿ ಹೋಗಿರಲಿಲ್ಲ. 'ಬೇಕು' ಎಂಬುದು ಹೋಗಿತ್ತು. ಅಂದರೆ ಬೇಕು ಅನ್ನಿಸುವುದು ಬೇರೆ, ಸಿಕ್ಕಾಗ ಹಿತ ಅನ್ನಿಸುವುದು ಬೇರೆ. ನಮ್ಮನ್ನು ಎಬ್ಬಿಸಿ ಓಡಿಸುವುದು ಮೊದಲನೆಯದು.

ವೊಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳಲ್ಲಿ ಕಂಡದ್ದು ಇನ್ನೂ ಸೊಗಸಾಗಿದೆ. ಕೋತಿಗೆ ಹಠಾತ್ತನೆ ಹಣ್ಣಿನ ರಸ ಕೊಟ್ಟರೆ ಅದರ ಡೋಪಮೈನ್ ನರಗಳು ಮಿಡಿಯುತ್ತವೆ. ರಸ ಬರುವ ಮೊದಲು ದೀಪ ಹೊತ್ತುತ್ತದೆ ಎಂದು ಅದು ಕಲಿತ ಮೇಲೆ ಮಿಡಿತ ರಸದಿಂದ ದೀಪಕ್ಕೆ ಸರಿಯುತ್ತದೆ. ರಸ ಬಾಯಿಗೆ ಬಿದ್ದಾಗ ಏನೂ ಇಲ್ಲ. ದೀಪ ಹೊತ್ತಿ ರಸ ಬರದಿದ್ದರೆ ಮಾತ್ರ ಮಿಡಿತ ಮೊದಲಿಗಿಂತ ಕೆಳಗೆ ಬೀಳುತ್ತದೆ. ಫ್ಯಾನ್ ನಿಂತದ್ದು ನೆನಪಿದೆಯಲ್ಲ? ಅದೇ ಯಂತ್ರ ಇದು. ಕಣ್ಣು ಊಹಿಸುತ್ತದೆ, ಆಸೆಯೂ ಊಹಿಸುತ್ತದೆ.

ಚಿಕ್ಕವನಿದ್ದಾಗ ಶರಣಬಸವೇಶ್ವರರ ಜಾತ್ರೆಗೆ ಒಂದು ತಿಂಗಳಿಂದ ದಿನ ಎಣಿಸುತ್ತಿದ್ದೆ. ಬೆಂಡು ಬತ್ತಾಸು, ತೊಟ್ಟಿಲು, ತೇರು. ಹಿಂದಿನ ರಾತ್ರಿ ನಿದ್ದೆ ಇಲ್ಲ. ಜಾತ್ರೆಗೆ ಹೋದ ಮೇಲೆ ಧೂಳು, ಕಾಲುನೋವು, ಅವ್ವನ ಸೆರಗು ಹಿಡಿದು 'ಮನಿಗೆ ಹೋಗಮು' ಎಂದು ಅಳು. ಮರುದಿನ ಬೆಳಿಗ್ಗೆ ಮತ್ತೆ ಮುಂದಿನ ವರ್ಷದ ಲೆಕ್ಕ.

ಇಲ್ಲಿಂದ ಬಸವಕಲ್ಯಾಣ ದೂರವಲ್ಲ. ಹೊನ್ನು ಮಾಯೆಯಲ್ಲ, ಹೆಣ್ಣು ಮಾಯೆಯಲ್ಲ, ಮಣ್ಣು ಮಾಯೆಯಲ್ಲ, 'ಮನದ ಮುಂದಣ ಆಸೆಯೇ ಮಾಯೆ' ಎಂದು ಹನ್ನೆರಡನೆಯ ಶತಮಾನದಲ್ಲಿ ಅಲ್ಲಮಪ್ರಭು ಹೇಳಿದ್ದು ಇಲ್ಲಿ ಕುಳಿತವರಿಗೆಲ್ಲ ಬಾಯಿಪಾಠ. ಸಾವಿರ ಸಲ ಕೇಳಿದ್ದೇವೆ. 'ಆಸೆ' ಎಂಬ ಕಡೆ ತಲೆ ಹಾಕುತ್ತೇವೆ, 'ಮುಂದಣ' ಎಂಬ ಕಡೆ ಹಾಕುವುದಿಲ್ಲ. ಮನದ ಒಳಗಣ ಆಸೆ ಅನ್ನಲಿಲ್ಲ ಅವರು. ಮುಂದಣ ಅಂದರು. ಅಲ್ಲಮರಿಗೆ ಡೋಪಮೈನ್ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ದಯವಿಟ್ಟು ನಾಳೆ ವಾಟ್ಸಾಪಿನಲ್ಲಿ ಹಾಗೆ ಹಾಕಬೇಡಿ. ಅವರು ಮನಸ್ಸನ್ನು ಸರಿಯಾಗಿ ನೋಡಿದರು, ಅಷ್ಟೇ.

ಇನ್ನೂ ಹಿಂದೆ ಹೋಗೋಣ. ಸನ್ನತಿಯ ಪಕ್ಕ, ಭೀಮಾ ದಂಡೆಯಲ್ಲಿ ಕನಗನಹಳ್ಳಿಯ ಸ್ತೂಪ ಇದೆ. ಅಶೋಕನ ಶಿಲ್ಪ, ಅದರ ಮೇಲೆ 'ರಾಯೋ ಅಸೋಕೋ' ಎಂಬ ಬರಹ ಸಿಕ್ಕ ಜಾಗ. ಅಲ್ಲಿ ಓಡಾಡಿದ ಭಿಕ್ಷುಗಳು ಆಸೆಗೆ ಬಳಸುತ್ತಿದ್ದ ಮಾತು 'ತಣ್ಹಾ'. ಅದರ ಅರ್ಥ ಬಾಯಾರಿಕೆ. ಸಂಸ್ಕೃತದಲ್ಲಿ ತೃಷ್ಣೆ. ಅದೇ ಸಂಸ್ಕೃತದಲ್ಲಿ ಬಿಸಿಲ್ಗುದುರೆಗೆ ಮೃಗತೃಷ್ಣೆ ಎಂಬ ಹೆಸರಿದೆ, ಜಿಂಕೆಯ ಬಾಯಾರಿಕೆ. ನೋಡುವವನ ದಾಹದಿಂದ ಹೆಸರಿಟ್ಟರು. ನಮ್ಮ ಕನ್ನಡದವರು ಓಡುವ ವಸ್ತುವಿನಿಂದ ಇಟ್ಟರು, ಬಿಸಿಲಿನ ಕುದುರೆ ಎಂದು. ಎರಡನ್ನೂ ಕೂಡಿಸಿದರೆ ನಾನು ಹೇಳಬೇಕೆಂದಿದ್ದು ಆಯಿತು. ಹಗ್ಗದ ಹಾವಿನ ಹಾಗೆ ತಿಳಿದರೆ ಹೋಗುವ ಜಾತಿಯಲ್ಲ ಆಸೆ. ಅದು ಈ ಕುದುರೆಯ ಜಾತಿ. ನೀವು ಹತ್ತು ಹೆಜ್ಜೆ ಹೋದರೆ ಅದು ಹತ್ತು ಹೆಜ್ಜೆ ಸರಿಯುತ್ತದೆ.

ಆದರೆ ಮನುಷ್ಯನ ಮುಂದೆ ಓಡುವ ಕುದುರೆಯ ಮೇಲೆ ಕುಳಿತಿರುವುದು ಯಾರು? ನಮ್ಮ ಆಯಿಯ ಒಂದು ಸಂಗತಿ ಹೇಳುತ್ತೇನೆ.

1972ರ ಬರ. ಹಿರಿಯರಿಗೆ ನೆನಪಿರುತ್ತದೆ. ಜೋಳ ಇಲ್ಲ, ದನಕ್ಕೆ ಕಣಿಕೆ ಇಲ್ಲ. ಬರಗಾಲದ ಕಾಮಗಾರಿ ಶುರುವಾಗಿತ್ತು, ರಸ್ತೆಗೆ ಖಡಿ ಒಡೆಯುವ ಕೆಲಸ. ನಮ್ಮೂರಿಗೆ ಮೂರು ಮೈಲಿಯಲ್ಲಿ ಒಂದು ಕಾಮಗಾರಿ ಇತ್ತು. ಆಯಿ ಅಲ್ಲಿಗೆ ಹೋಗಲಿಲ್ಲ. ಏಳು ಮೈಲಿ ದೂರದ್ದಕ್ಕೆ ಹೋದಳು. ಕೂಲಿ ಎರಡೂ ಕಡೆ ಅಷ್ಟೇ. ಅರೆಹೊಟ್ಟೆಯಲ್ಲಿ ದಿನಾ ಎಂಟು ಮೈಲಿ ಜಾಸ್ತಿ ನಡೆದಳು. ಯಾಕೆ? ಹತ್ತಿರದ ಕಾಮಗಾರಿ ಅವಳ ತವರೂರಿನ ಬದಿಗಿತ್ತು. ತವರಿನವರು ನೋಡಿಬಿಟ್ಟರೆ?

ಮೊದಲು ಹೊಟ್ಟೆ, ಆಮೇಲೆ ಭದ್ರತೆ, ಆಮೇಲೆ ಮಾನ ಮರ್ಯಾದೆ ಎಂದು ಮೆಟ್ಟಿಲು ಮಾಡಿ ಬಿ.ಎಡ್.ನಲ್ಲಿ ನಮಗೆ ಕಲಿಸಿದರು. ಅಬ್ರಹಾಂ ಮಾಸ್ಲೊ 1943ರಲ್ಲಿ ಬರೆದದ್ದು. ಅವರಿಗೆ ಅನ್ಯಾಯ ಮಾಡಬಾರದು. ಆ ಪಿರಮಿಡ್ ಚಿತ್ರ ಅವರು ಬಿಡಿಸಿದ್ದಲ್ಲ, ಈ ಕ್ರಮ ಎಲ್ಲರಿಗೂ ಹೀಗೇ ಇರಬೇಕೆಂದಿಲ್ಲ ಎಂದು ಅವರೇ ಬರೆದಿದ್ದಾರೆ. ಆದರೂ ಪರೀಕ್ಷೆಯಲ್ಲಿ ಆ ಚಿತ್ರ ಬಿಡಿಸಿ ಐದು ಅಂಕ ತೆಗೆದುಕೊಂಡ ದಿನವೂ ನನಗೆ ಆಯಿಯ ಎಂಟು ಮೈಲಿಯನ್ನು ಯಾವ ಮೆಟ್ಟಿಲ ಮೇಲೆ ಇಡಬೇಕೋ ತಿಳಿಯಲಿಲ್ಲ.

ಈಗ ನನಗೆ ಅನ್ನಿಸುವುದು ಇಷ್ಟು. ಮನುಷ್ಯನ ಮುಂದೆ ಓಡುವ ಕುದುರೆ ಬಹುಪಾಲು ಆ ಮೂರನೆಯ ಜಾತಿಯ ಸಾಮಾನಿನಿಂದ ಮಾಡಿದ್ದು. ಮಂದಿ ಏನಂತಾರ, ಮಂದಿ ಏನಂದಾರು. ಊಟಕ್ಕಾಗಿ ದುಡಿಯುವವನೂ ಊಟ ಸಿಕ್ಕ ಮೇಲೆ ನಿಲ್ಲುವುದಿಲ್ಲ. ಮಗಳ ಮದುವೆಗೆ ಊರೆಲ್ಲ ಉಣ್ಣಲಿ ಎಂದು ಸಾಲ ಮಾಡುತ್ತಾನೆ. ಮಂದಿಯ ಆ ನೋಟ ಇನ್ನೂ ಬಂದಿರುವುದೇ ಇಲ್ಲ. ಬರಬಹುದಾದ ನೋಟಕ್ಕೆ ಈಗಲೇ ನಡೆಯುತ್ತಿರುತ್ತಾನೆ.

ಆಯಿಯ ಕತೆ ಅಲ್ಲಿಗೇ ಮುಗಿಯಲಿಲ್ಲ. ಬರ ಕಳೆದು ಬಹಳ ವರ್ಷಕ್ಕೆ, ಒಂದು ಮದುವೆ ಮನೆಯಲ್ಲಿ, ರೊಟ್ಟಿ ಬಡಿಯುತ್ತಾ ಕುಳಿತಾಗ ಅವಳ ಅಣ್ಣನ ಹೆಂಡತಿ ಬಾಯಿಬಿಟ್ಟಳಂತೆ. ಅವರ ಮನೆಯವರೂ ಆ ಹತ್ತಿರದ ಕಾಮಗಾರಿಗೆ ಒಂದು ದಿನವೂ ಕಾಲಿಡಲಿಲ್ಲ. ಇನ್ನೊಂದು ದಿಕ್ಕಿಗೆ ಐದು ಮೈಲಿ ನಡೆದರು. 'ಅಲ್ಲಿ ನೀ ಬರ್ತಿದ್ದಿ, ನೋಡಿದ್ರ ಏನಂದಿ ಅಂತ.' ಆಯಿ ಇದನ್ನು ನನಗೆ ಹೇಳುವಾಗ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು.

ನನ್ನ ಹೊತ್ತು ಮುಗಿಯಿತು. ಪ್ರಶ್ನೆ ಇದ್ದರೆ ಕೇಳಿ.

(ಮೊದಲು ಎದ್ದವರು ಆಳಂದ ಕಡೆಯ ಒಬ್ಬ ರೈತರು. "ಹಂಗಾದ್ರ ಎಲ್ಲಾ ಊಹೆನೇ ಏನ್ರೀ ಸರ್? ಖರೇ ಅನ್ನೋದು ಇಲ್ಲೇ ಇಲ್ಲೇನು?" ಎಂದರು. ನಾನು ಉತ್ತರ ಹುಡುಕುವಷ್ಟರಲ್ಲಿ ಅವರೇ ಮುಂದುವರಿಸಿದರು. "ನಮ್ಮ ಹೊಲದಾಗ ಈ ಸಲ ತೊಗರಿ ಹೂ ಬಿಟ್ಟು, ಕಾಯಿ ಕಟ್ಟಿ, ನೋಡಲಿಕ್ಕ ಚಂದ ನಿಂತಿತ್ತು. ಹದಿನೈದು ದಿನದಾಗ ನೆಟೆ ರೋಗ ಬಂದು ಒಣಗಿ ಹೋಯ್ತು. ನೀ ನಂಬತಿಯೇನು ಅಂತ ಅದು ನನ್ನ ಕೇಳಲಿಲ್ರೀ.")

ಇವರು ನನ್ನ ಅರ್ಧ ಗಂಟೆಯ ಕೆಲಸವನ್ನು ಒಂದು ಮಾತಿನಲ್ಲಿ ಮಾಡಿದರು. ನೆಟೆ ರೋಗ ತರುವ ಶಿಲೀಂಧ್ರ ಮಣ್ಣಿನೊಳಗೆ ಇರುತ್ತದೆ. ಬೇರಿನಿಂದ ಹೊಕ್ಕು ಗಿಡದ ನೀರಿನ ದಾರಿ ಕಟ್ಟುತ್ತದೆ. ಮೇಲೆ ಕಾಣುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ನಾವು ಊಹಿಸಿದ್ದಕ್ಕೆ ಹೊರಗಿನಿಂದ 'ಅಲ್ಲ' ಎಂದು ಬರುವ ಆ ಉತ್ತರವನ್ನೇ ನಾನು ವಾಸ್ತವ ಎಂದು ಕರೆಯುವುದು. ಊಹೆ ನಮ್ಮದು, ಉತ್ತರ ನಮ್ಮದಲ್ಲ. ಬಿತ್ತುವುದು ಜೂನಿನಲ್ಲಿ, ಉತ್ತರ ಬರುವುದು ಡಿಸೆಂಬರಿನಲ್ಲಿ.

(ಕೊನೆಯ ಪ್ರಶ್ನೆ ಪಿಯು ಓದುವ ಹುಡುಗಿಯದು. "ಸರ್, ಜಿಂಕೆಯ ಬಾಯಾರಿಕೆ ಅಂದ್ರಿ. ನಿಜವಾಗ್ಲೂ ಪ್ರಾಣಿಗಳು ಬಿಸಿಲ್ಗುದುರೆ ನೋಡಿ ಓಡ್ತಾವಾ?")

ಕ್ಯಾಮೆರಾಕ್ಕೆ ಬಂದ ಬೆಳಕು ಪ್ರಾಣಿಯ ಕಣ್ಣಿಗೂ ಬರುತ್ತದಮ್ಮಾ. ಹೊಳಪು ಅದಕ್ಕೂ ಕಾಣಬೇಕು. ಆದರೆ ಅದಕ್ಕೆ 'ನೀರು' ಎಂದು ಸೇರಿಸುತ್ತದೆಯೇ ಎಂಬುದು ಪ್ರಶ್ನೆ. ನಮ್ಮೂರಿನ ಎಮ್ಮೆಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ನಡು ಮಧ್ಯಾಹ್ನ ಬಿಟ್ಟರೂ ಒಂದು ಎಮ್ಮೆಯೂ ಡಾಂಬರು ರಸ್ತೆಯ ಹೊಳಪಿನ ಕಡೆ ಹೋದದ್ದಿಲ್ಲ. ನೆಟ್ಟಗೆ ಕೆರೆಗೇ ಹೋಗುತ್ತಿದ್ದವು.

(ಆಳಂದದ ರೈತರು ಕುಳಿತಲ್ಲಿಂದಲೇ ಕೈ ಎತ್ತಿದರು. "ಎಮ್ಮಿ ಕಣ್ಣಿಲೆ ನೀರು ಹುಡುಕಂಗಿಲ್ರೀ ಸರ್. ಮೂಗಿಲೆ ಹುಡುಕ್ತದ." ಎಲ್ಲರೂ ನಕ್ಕರು. ಕರೆಂಟ್ ಬಂತು, ಫ್ಯಾನ್ ತಿರುಗಿದವು. ಒಂದು ಕ್ಷಣ ಆ ಸದ್ದು ಜೋರಾಗಿ ಕೇಳಿಸಿತು. ಆಮೇಲೆ ಚಹಾ ಬಂತು.)